ಪೋರ್ಟೊ ವೆಲ್ಯೊದ ಸುರಿಯದ ಮೋಡಗಳು

ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ಅಮೆಜಾನ್ ಕಾಡಿನ ಸೀಮೆಯ ಊರು ಪೋರ್ಟೊ ವೆಲ್ಯೊಗೆ ಹೋಗುವವರು ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ರಾತ್ರಿ ನೆಲ ತಣ್ಣಗಾದಾಗ ಕಾಡು ಸುಡುವ ಹೊಗೆ ಕೆಳಗೇ ಕೂತುಬಿಡುತ್ತದೆ. ಬಿಸಿಲೇರುವವರೆಗೆ ರನ್‌ವೇ ಕಾಣುವುದಿಲ್ಲ. ನಮ್ಮ ವಿಮಾನ ಮನಾಸ್‌ನಲ್ಲೇ ನಿಂತಿತು, ಮಧ್ಯಾಹ್ನದವರೆಗೆ ಯಾರೂ ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಮುಂದೆ ಬೇರೆ ವಿಮಾನ ಹಿಡಿಯುವುದಿದ್ದರೆ ನಡುವೆ ಒಂದು ದಿನ ಬಿಟ್ಟುಕೊಳ್ಳಿ.

ಮನಾಸ್‌ನ ಒಪೆರಾ ಮನೆ, ಕಪ್ಪು ನದಿ ಮತ್ತು ಕಂದು ನದಿ ಕೂಡುವ ಜಾಗ ಎಲ್ಲ ಚೆನ್ನಾಗಿವೆ, ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ತಲೆಯಲ್ಲಿ ಉಳಿದದ್ದು ಪೋರ್ಟೊ ವೆಲ್ಯೊ ಪಕ್ಕದ ಮದೇರಾ ನದಿಯ ಮೇಲಿನ ಮೋಡಗಳು. ಮಧ್ಯಾಹ್ನ ಎದ್ದು, ಬೆಟ್ಟದಷ್ಟು ಬೆಳೆದು, ಇನ್ನೇನು ಸುರಿಯಿತು ಅನ್ನುವಾಗ ಹಾಗೇ ಕರಗಿಹೋಗುತ್ತಿದ್ದವು. ದಿನವೂ ಇದೇ.

ದೋಣಿಯಲ್ಲಿ ಜೊತೆಗಿದ್ದ ಒಬ್ಬರು ಮೋಡಗಳ ಬಗ್ಗೆಯೇ ಅಧ್ಯಯನ ಮಾಡುವವರು. ಇಷ್ಟು ಮೋಡ ಇದ್ದೂ ಮಳೆ ಯಾಕಿಲ್ಲ ಅಂತ ಕೇಳಿದೆ.

"ಹೊಗೆಯ ಕಣ ಜಾಸ್ತಿಯಾಗಿದೆ," ಅಂದರು. "ನೀರಾವಿ ಹನಿಯಾಗಬೇಕಾದರೆ ಕೂರಲು ಒಂದು ಕಣ ಬೇಕು. ಮಳೆಗಾಲದಲ್ಲಿ ಇಲ್ಲಿನ ಗಾಳಿ ನಡುಸಮುದ್ರದ ಗಾಳಿಯಷ್ಟು ಶುದ್ಧ. ಒಂದು ಘನ ಸೆಂಟಿಮೀಟರಿನಲ್ಲಿ ಅಂಥ ಕಣ ಕೆಲವು ನೂರು ಇರುತ್ತವೆ. ಈಗ ಸಾವಿರಗಟ್ಟಲೆ. ಇರುವ ನೀರೇ ಅಷ್ಟಕ್ಕೂ ಹಂಚಿಹೋಗಬೇಕಲ್ವಾ?"

ಹಂಚಿಹೋದರೆ ಹನಿಗಳು ತೀರಾ ಸಣ್ಣ ಆಗುತ್ತವೆ. ಒಂದು ಮಳೆಹನಿಗೆ ಸುಮಾರು 10 ಲಕ್ಷ ಮೋಡದ ಹನಿಗಳು ಸೇರಬೇಕಂತೆ. ಇಷ್ಟು ಸಣ್ಣವು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುವುದೇ ಅಪರೂಪ.

"ಹಾಗಾದರೆ ಆ ನೀರು ಎಲ್ಲಿಗೆ ಹೋಗುತ್ತೆ?"

"ಸುಮಾರು ಮೋಡಗಳು ಮತ್ತೆ ಆವಿಯಾಗುತ್ತವೆ. ಉಳಿದವು ಇನ್ನೂ ಮೇಲೇರುತ್ತವೆ. ಶುದ್ಧ ಗಾಳಿಯಲ್ಲಿ ಮೋಡದ ಬುಡದಿಂದ 1.5 ಕಿಲೋಮೀಟರ್ ಮೇಲೆ ಮಳೆ ಹುಟ್ಟುತ್ತೆ. ಹೊಗೆಯಲ್ಲಿ 5 ಕಿಲೋಮೀಟರ್ ದಾಟಬೇಕು. ಅಲ್ಲಿ ಹನಿ ಹೆಪ್ಪುಗಟ್ಟುತ್ತೆ. ಹಾಗಾಗಿ ಸುರಿದಾಗ ಗುಡುಗು, ಆಲಿಕಲ್ಲು ಸಮೇತ ಸುರಿಯುತ್ತೆ. ಅದೂ ಇಲ್ಲೇ ಅಂತಲ್ಲ, ಗಾಳಿ ತಳ್ಳಿದ ಕಡೆ." 2002ರಲ್ಲಿ ಇದೇ ಪ್ರಾಂತ್ಯದಲ್ಲಿ ವಿಮಾನ ಹಾರಿಸಿ ಅಳೆದ ಲೆಕ್ಕ ಇದು.

ಇನ್ನೊಂದು ಮಾತು ನನಗೆ ಹೊಸದು. ಹೊಗೆಯ ಕಪ್ಪು ಮಸಿ ಬಿಸಿಲನ್ನು ಮೇಲೇ ಹೀರಿಕೊಳ್ಳುತ್ತದೆ. ನೆಲಕ್ಕೆ ಬಿಸಿಲು ಕಡಿಮೆ, ಕಾಡಿನಿಂದ ಏಳುವ ಆವಿಯೂ ಕಡಿಮೆ. ಹೊಗೆ ತುಂಬ ದಟ್ಟವಾದರೆ ಸಣ್ಣ ಮೋಡ ಕಟ್ಟುವುದೇ ಇಲ್ಲ. ಬೆಳಗ್ಗೆ ಸೂರ್ಯನನ್ನು ಬರಿಗಣ್ಣಿಗೆ ನೋಡಬಹುದಾಗಿತ್ತಲ್ಲ, ಕಾರಣ ಆಗ ಗೊತ್ತಾಯಿತು.

ಒಟ್ಟು ಮಳೆ ಕಡಿಮೆಯಾಗುತ್ತಾ ಅಂತ ಒತ್ತಿ ಕೇಳಿದೆ. ಹೊಗೆ ಎಷ್ಟು, ತೇವ ಎಷ್ಟು ಅನ್ನುವುದರ ಮೇಲೆ ಒಂದೊಂದು ಕಡೆ ಒಂದೊಂದು ಥರ ಅಂದರು. ಸುಮ್ನೆ ಹೌದು ಅನ್ನದೆ ಇದ್ದದ್ದು ನನಗೆ ಹಿಡಿಸಿತು.

ಇಲ್ಲಿನ ಬೆಂಕಿ ಬಹುಪಾಲು ಜನರೇ ಹಚ್ಚಿದ್ದು, ಅದರಲ್ಲೂ ದನದ ಹುಲ್ಲುಗಾವಲಿಗಾಗಿ. ಮಳೆ ತಡವಾದಷ್ಟೂ ಅದು ಕಾಡಿನೊಳಗೆ ಇನ್ನಷ್ಟು ದಿನ ಉರಿಯುತ್ತದೆ. ದಂಡೆಯುದ್ದಕ್ಕೂ ಸುಟ್ಟು ನಿಂತ ಮರಗಳನ್ನು ನೋಡಿ ನನಗೆ ಬಂದ ಕೋಪದ ಮುಂದೆ ವಿಮಾನದ ಕಿರಿಕಿರಿ ಏನೇನೂ ಅಲ್ಲ.