ನಿಮಗೆ ತುಂಬಾ ನಿರಾಸೆ ಮಾಡಿದ ಕಾದಂಬರಿ ಯಾವುದು?

ಓದುವ ಗೆಳೆಯರು ಸೇರಿದಾಗ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ: ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಗೋ ಸೆಟ್ ಎ ವಾಚ್‌ಮನ್’. ಕೆಟ್ಟ ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟು ಮರೆತುಬಿಡಬಹುದು. ಇದನ್ನು ಮರೆಯಲು ಆಗಿಲ್ಲ.

1960ರಲ್ಲಿ ಬಂದ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ನೀವೂ ಓದಿರಬಹುದು. ಅಲಬಾಮಾದ ಒಂದು ಚಿಕ್ಕ ಊರು. ಮಾಡದ ತಪ್ಪಿಗೆ ಕಟಕಟೆ ಹತ್ತಿದ ಕಪ್ಪು ಯುವಕ. ಅವನ ಪರ ವಾದಿಸುವ ಬಿಳಿಯ ವಕೀಲ ಆಟಿಕಸ್. ಕಥೆ ಹೇಳುವವಳು ಅವನ ಮಗಳು ಸ್ಕೌಟ್. 55 ವರ್ಷ ಕಳೆದು, 2015ರಲ್ಲಿ ‘ವಾಚ್‌ಮನ್’ ಬಂತು. ಸ್ಕೌಟ್‌ಗೆ ಈಗ 26. ನ್ಯೂಯಾರ್ಕಿನಿಂದ ಊರಿಗೆ ಬರುತ್ತಾಳೆ. ಕೋರ್ಟಿನ ಬಾಲ್ಕನಿ ಹತ್ತುತ್ತಾಳೆ, ಚಿಕ್ಕವಳಿದ್ದಾಗ ಅಪ್ಪನ ವಾದ ಕೇಳಲು ಅಣ್ಣನ ಜೊತೆ ಕೂರುತ್ತಿದ್ದ ಅದೇ ಮೂಲೆ. ಕೆಳಗೆ ವರ್ಣಭೇದ ಉಳಿಯಬೇಕು ಅನ್ನುವವರ ಸಭೆ. ಅಪ್ಪ ಅಲ್ಲಿ ಕೂತಿದ್ದಾನೆ.

ಆಟಿಕಸ್‌ನನ್ನು ಹೀಗೆ ತೋರಿಸಿದ್ದಕ್ಕೇ ತುಂಬಾ ಜನ ಸಿಟ್ಟಾದರು. ನನಗಂತೂ ಇಡೀ ಪುಸ್ತಕದ ಜೀವ ಇರುವುದೇ ಈ ದೃಶ್ಯದಲ್ಲಿ. ಎಂಥಾ ಕಾದಂಬರಿ ಆಗಬಹುದಿತ್ತು ಅಲ್ವಾ! ಆದರೆ ಮುಂದೆ ಬರೀ ಮಾತು. ಅಪ್ಪ-ಮಗಳ ಜಗಳ ಉದ್ದುದ್ದ ಭಾಷಣವಾಗುತ್ತದೆ. ಚಿಕ್ಕಪ್ಪ ಬಂದು ಅವಳ ಬಾಯಿಗೆ ಬಾರಿಸಿ ಬುದ್ಧಿ ಹೇಳುತ್ತಾನೆ, ಅವಳು ಸುಮ್ನೆ ಒಪ್ಪಿಕೊಂಡುಬಿಡುತ್ತಾಳೆ. ಅಷ್ಟು ದೊಡ್ಡ ಗಾಯ ಅಷ್ಟು ಬೇಗ ಮಾಯುತ್ತದೆಯೇ? ಅಣ್ಣ ಜೆಮ್ ತೀರಿಕೊಂಡಿದ್ದು ಕೂಡ ಮಾತಿನ ನಡುವೆ ಬಂದು ಹೋಗುತ್ತದೆ.

ಇದು ಹೀಗಿರುವುದಕ್ಕೆ ಕಾರಣ ಇದೆ. ‘ವಾಚ್‌ಮನ್’ ಬರೆದದ್ದು 1950ರ ದಶಕದಲ್ಲಿ, ‘ಮಾಕಿಂಗ್‌ಬರ್ಡ್’ಗಿಂತ ಮೊದಲು. ಬಾಲ್ಯದ ಭಾಗಗಳಲ್ಲಿ ಕಸುವಿದೆ ಎಂದು ಸಂಪಾದಕಿ ಟೇ ಹೋಹಾಫ್ ಗುರುತಿಸಿದರು, ಲೀ ಅವರಿಂದ ಮತ್ತೆ ಮತ್ತೆ ಬರೆಸಿದರು. ‘ಮಾಕಿಂಗ್‌ಬರ್ಡ್’ ಹುಟ್ಟಿದ್ದು ಹಾಗೆ. ಅಂದರೆ ನಮ್ಮ ಕೈಗೆ ಬಂದದ್ದು ಹಳೆಯ ಕರಡು. ಮಾರಿದ್ದು ಮಾತ್ರ ಹೊಸ ಕಾದಂಬರಿ ಎಂದು. ನನ್ನ ಬೇಸರ ಇರುವುದು ಇಲ್ಲೇ. ಮಿಶಿಗನ್‌ನ ಒಂದು ಪುಸ್ತಕದಂಗಡಿ, ಕೊಂಡವರಿಗೆ ದುಡ್ಡು ವಾಪಸ್ ಕೊಡುತ್ತೇವೆ ಎಂದಿತು. ಆ ಅಂಗಡಿಯವರ ಬಗ್ಗೆ ನನಗೆ ತುಂಬಾ ಗೌರವ.

ಹಾಗಾದರೆ ಓದಬಾರದಾ ಅಂತ ಕೇಳುತ್ತಾರೆ. ಬರೆಯುವ ಆಸೆ ಇರುವವರು ಖಂಡಿತ ಓದಲಿ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು. ಊರಿನ ವರ್ಣನೆಯ ಕೆಲವು ಸಾಲುಗಳು ಎರಡರಲ್ಲೂ ಹೆಚ್ಚುಕಡಿಮೆ ಹಾಗೇ ಇವೆ. ಲೀ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂದು ಕಣ್ಣಿಗೆ ಕಾಣುತ್ತದೆ. ಕಥೆಗಾಗಿ ಓದುವವರಿಗೆ ‘ಮಾಕಿಂಗ್‌ಬರ್ಡ್’ ಸಾಕು.