ಜೇಡ ಎಷ್ಟು ಸಲ ಕಚ್ಚಬೇಕು?

ಬಳ್ಳಾರಿಯ ರಾಯಲ್ ಸರ್ಕಲ್ ಬಳಿ ಒಗ್ಗರಣೆ-ಮಿರ್ಚಿ ತಿನ್ನುತ್ತ ಗೆಳೆಯರು ನಡೆಸುವ, ಯಾವ ನಟ ಅತ್ಯುತ್ತಮ ಸ್ಪೈಡರ್‌ಮ್ಯಾನ್ ಎಂಬ ವಾಗ್ವಾದದಲ್ಲಿ ಮೊದಲ ಮೂರು ಚಿತ್ರಗಳ ನಾಯಕ ಟೋಬಿ ಮಗ್ವೈರ್ ಪಕ್ಷದವರ ದನಿಯೇ ಯಾವಾಗಲೂ ಜೋರು. ನನ್ನ ತಕರಾರು ನಟರ ಬಗ್ಗೆ ಅಲ್ಲ. ಆ ಮೂರನ್ನೂ ನಿರ್ದೇಶಿಸಿದ ಸ್ಯಾಮ್ ರೈಮಿಯವರ ನಾಲ್ಕನೆಯ ಸ್ಪೈಡರ್‌ಮ್ಯಾನ್ ಚಿತ್ರವನ್ನು 2010ರಲ್ಲಿ ಕೈಬಿಟ್ಟ ಸೋನಿ ಸಂಸ್ಥೆಯು, 2002ರಲ್ಲಿ ಎಲ್ಲರೂ ಕಂಡು ಮರುಗಿದ್ದ ನಾಯಕನ ಚಿಕ್ಕಪ್ಪ ಅಂಕಲ್ ಬೆನ್ ಸಾವನ್ನು, ನಾಯಕನಿಗೆ ಶಕ್ತಿ ಬರುವಂತೆ ಜೇಡ ಕಚ್ಚುವುದನ್ನೂ ಸೇರಿಸಿ, ಹೊಸ ನಟ ಆಂಡ್ರ್ಯೂ ಗಾರ್ಫೀಲ್ಡ್ ಅವರೊಂದಿಗೆ 2012ರಲ್ಲಿ ಮತ್ತೊಮ್ಮೆ ತೋರಿಸಿದ್ದು ಅನಗತ್ಯವಾಗಿತ್ತು. ಟಾಮ್ ಹಾಲೆಂಡ್ ನಾಯಕನಾಗಿದ್ದ 2017ರ ಚಿತ್ರ ಅದನ್ನೆಲ್ಲ ಬಿಟ್ಟದ್ದು ಜಾಣತನ. ನಮ್ಮ ಬಯಲಾಟದಲ್ಲಿಯೂ ದುರ್ಯೋಧನನ ವೇಷಧಾರಿ ಬದಲಾಗುತ್ತಾನೆ; ಹಾಗೆಂದು ಕೌರವರ ಜನನದಿಂದಲೇ ಆಟವನ್ನು ಆರಂಭಿಸುವುದಿಲ್ಲ.

ಆಂಡ್ರ್ಯೂ ಗಾರ್ಫೀಲ್ಡ್ ಅವರಿಗೆ ಮಾತ್ರ ಗೆಳೆಯರು ಅನ್ಯಾಯ ಮಾಡುತ್ತಾರೆ. 2014ರ ಚಿತ್ರದ ಗಡಿಯಾರ ಗೋಪುರದಲ್ಲಿ, ಬೀಳುತ್ತಿದ್ದ ಪ್ರೇಯಸಿ ಗ್ವೆನ್‌ಳನ್ನು ಬಲೆಯ ಎಳೆ ತಡೆದರೂ ಜೀವ ಉಳಿಯದಾಗ ಅವರು ನೀಡಿದ ಅಭಿನಯವನ್ನು ಮಗ್ವೈರ್ ಪಕ್ಷದವರೂ (ಮಿರ್ಚಿ ಮುಗಿದ ಮೇಲಾದರೂ) ಒಪ್ಪಲೇಬೇಕು.