ಸಾಯಬಾರದ ಮುದುಕ: ಒಂದು ಚಿತ್ರಕಥೆಯ ಡೈರಿ

ಜೂನ್ 8, 2025

ನನ್ನ ಹೊಟ್ಟೆಪಾಡು ಪತ್ರ ಬರೆಯುವುದು. ಸಾಗರದಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಒಂದು ಟೇಬಲ್ಲು, ಒಂದು ಕಂಪ್ಯೂಟರು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು. ದಿನವಿಡೀ "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ" ಅಂತ ಚೆಕ್ಕುಬಂದಿ ಟೈಪ್ ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಕೊಲೆ ಬರೆಯುತ್ತೇನೆ.

ಹೋದ ವರ್ಷ ಒಂದು ಪೂರ್ತಿ ಕ್ರೈಂ ಥ್ರಿಲ್ಲರ್ ಬರೆದೆ, 112 ಪುಟ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷದ ಲೆಕ್ಕ, ಅಂದರೆ ಎರಡು ಗಂಟೆಗೆ ಸ್ವಲ್ಪ ಕಡಿಮೆ ಸಿನಿಮಾ. ಬೆಂಗಳೂರಿನಲ್ಲಿ ಒಬ್ಬರು ಕಥೆ ಕೇಳಲು ಒಪ್ಪಿದರು. ಇಂಟರ್‌ವೆಲ್‌ಗೆ ಬರುವ ಮೊದಲೇ ಅವರು ಬಿಸ್ಕತ್ತು ಮುರಿಯುತ್ತಾ "ಕೊಲೆ ಮಾಡಿದ್ದು ಡಾಕ್ಟರ್ ತಾನೆ?" ಅಂದರು. ಡಾಕ್ಟರೇ. ಎಂಟು ತಿಂಗಳ ಕೆಲಸ 25 ನಿಮಿಷಕ್ಕೆ ಮುಗಿಯಿತು.

ಅದಕ್ಕೆ ಈ ಸಲ ಮೊದಲು ಬರೆಯುವುದಿಲ್ಲ, ಮೊದಲು ಹೇಳುತ್ತೇನೆ. ಹತ್ತು ಐಡಿಯಾ. ಪ್ರತಿಯೊಂದನ್ನೂ ಒಂದು ಟೀ ಮುಗಿಯುವಷ್ಟರಲ್ಲಿ, ಕಾಗದ ನೋಡದೆ ಯಾರಿಗಾದರೂ ಹೇಳಬೇಕು. ಕೇಳುವವರು ಜೇಬಿನಿಂದ ಫೋನ್ ತೆಗೆದರೆ ಅದು ಎಲ್ಲಿ ಅಂತ ಗುರುತು ಹಾಕಿಕೊಳ್ಳಬೇಕು. ಟೀ ದಾಟಿದ ಕಥೆಯನ್ನು ಆ ಕಸುಬಿನವರಿಗೇ ಹೇಳಬೇಕು. ಮರದ ಕಥೆ ಮರ ಹತ್ತುವವನಿಗೆ, ಠಾಣೆಯ ಕಥೆ ಪೊಲೀಸರಿಗೆ. ಅಲ್ಲಿಂದಲೂ ಬದುಕಿ ಬಂದರೆ ಮಾತ್ರ ಕಾರ್ಡ್ ಬರೆಯುವುದು, ಒಂದೊಂದು ದೃಶ್ಯಕ್ಕೆ ಒಂದೊಂದು.

ಐಡಿಯಾ ಕದ್ದರೆ ಏನು ಮಾಡ್ತೀಯ ಅಂತ ಗೆಳೆಯ ಕೇಳಿದ. ಕಾಪಿರೈಟ್ ಇರುವುದು ಬರೆದದ್ದಕ್ಕೆ, ಐಡಿಯಾಕ್ಕಲ್ಲ. ಕದಿಯುವವರು ಹೇಗೂ ಕದಿಯುತ್ತಾರೆ. ಮುಚ್ಚಿಟ್ಟುಕೊಂಡು ನಾನು ಹೋದ ವರ್ಷ ಗಳಿಸಿದ್ದೇನು, ಒಬ್ಬ ಡಾಕ್ಟರ್.

ಜೂನ್ 22

ಮೊದಲನೆಯದು ಸತ್ತಿತು. ಅಡಿಕೆ ಕೊಯ್ಲಿನಲ್ಲಿ ಕೊನೆಗೌಡ, ಅಂದರೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ಕೊಯ್ಯುವವನು, ಮರದಿಂದ ಬಿದ್ದು ಸಾಯುತ್ತಾನೆ. ಎಲ್ಲರೂ ಅಪಘಾತ ಅಂದುಕೊಳ್ಳುತ್ತಾರೆ, ಆದರೆ ಕೊಲೆ. ಟೀ ಅಂಗಡಿಯಲ್ಲಿ ಚೆನ್ನಾಗಿಯೇ ಓಡಿತು, ಯಾರೂ ಫೋನ್ ಮುಟ್ಟಲಿಲ್ಲ. ಆಮೇಲೆ ನಮ್ಮ ಮಾವನ ತೋಟಕ್ಕೆ ಬರುವ ಕೊನೆಗೌಡನಿಗೆ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿದ.

"ಕೆಳಗೆ ಹಗ್ಗ ಹಿಡಿದವ ಎಲ್ಲಿ ಹೋಗಿದ್ದ?"

ಕೊನೆ ಕೊಯ್ದು ಹಗ್ಗದ ಮೇಲೆ ಜಾರಿ ಬಿಡುತ್ತಾರೆ. ಕೆಳಗೊಬ್ಬ ಹಗ್ಗ ಹಿಡಿದು ಮೇಲೇ ನೋಡುತ್ತಾ ನಿಂತಿರುತ್ತಾನೆ. ಅವನ ಕೆಲಸವೇ ಅದು. ನಾನು ಕಣ್ಣಾರೆ ಕಂಡ ಸಾಕ್ಷಿಯನ್ನು ಮರದ ಬುಡದಲ್ಲೇ ನಿಲ್ಲಿಸಿ, ಎರಡು ಗಂಟೆ ಪತ್ತೇದಾರಿಕೆ ಮಾಡಲು ಹೊರಟಿದ್ದೆ. ಹುಟ್ಟಿದಾಗಿನಿಂದ ಕೊಯ್ಲು ನೋಡಿದವನು ನಾನು. ನಾಚಿಕೆಯಾಯಿತು.

ಜುಲೈ 15

ಎರಡನೆಯದನ್ನು ಕೊಂದದ್ದು ಕೇಂದ್ರ ಸರ್ಕಾರ!

ಕಥೆ ಶರಾವತಿ ಹಿನ್ನೀರಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಆಚೆ ದಡದವರು ಸಾಗರಕ್ಕೆ ಬರಲು ಲಾಂಚ್ ಹತ್ತಬೇಕಾಯಿತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ರಾತ್ರಿ ಆಚೆ ದಡದಲ್ಲಿ ಒಂದು ಕೊಲೆ, ಬೆಳಿಗ್ಗೆ ಮೊದಲ ಲಾಂಚಿನ ತನಕ ಯಾರೂ ಹೊರಗೆ ಹೋಗುವಂತಿಲ್ಲ, ಕೊಲೆಗಾರ ಇಷ್ಟು ಜನರಲ್ಲೇ ಒಬ್ಬ. ಇದಕ್ಕಿಂತ ಚೆಂದದ ಬಾಗಿಲು ಯಾವ ಸೆಟ್ ಹಾಕಿದರೂ ಸಿಗಲ್ಲ ಅಂದುಕೊಂಡಿದ್ದೆ. ನಿನ್ನೆ, ಜುಲೈ 14ಕ್ಕೆ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗಿಂತ ಉದ್ದ. ನನ್ನ ಕೊಲೆಗಾರ ಈಗ ಬೈಕ್ ಹತ್ತಿ ಐದು ನಿಮಿಷದಲ್ಲಿ ಈಚೆ ಬರುತ್ತಾನೆ.

ಆಚೆ ಊರಿನ ಗೆಳೆಯನಿಗೆ ಹೇಳಿಕೊಂಡರೆ ಬೈದ. "ನಿನ್ನ ಸಿನಿಮಾಕ್ಕೋಸ್ಕರ ನಾವು ಇನ್ನೂ ಬಸುರಿಯರನ್ನ ಲಾಂಚ್ ಮೇಲೆ ಸಾಗಿಸಬೇಕಿತ್ತಾ?" ತಪ್ಪು ನನ್ನದೇ. ಕಥೆಯನ್ನು ಹತ್ತು ವರ್ಷ ಹಿಂದಕ್ಕೆ ಒಯ್ಯಬಹುದು. ಆದರೆ ಹಾಗೆ ಒಯ್ಯುವಷ್ಟು ಕಥೆ ಅದರಲ್ಲಿ ಇಲ್ಲ ಅಂತ ಗೊತ್ತಾಯಿತು. ಲಾಂಚ್ ತೆಗೆದರೆ ಉಳಿಯುವುದು ಸುಮ್ನೆ ಒಂದು ಆಸ್ತಿ ಜಗಳ.

ಆಗಸ್ಟ್ 10

ಮೂರರಿಂದ ಆರರವರೆಗೆ ಬೇಗ ಮುಗಿಸುತ್ತೇನೆ. ಅಡಿಕೆ ಮಂಡಿಯ ಕಳ್ಳತನ ಟೀ ಅರ್ಧ ಆಗುವಾಗ ಬಿತ್ತು. ಕಣ್ಣು ಕಾಣದ ಸಾಕ್ಷಿ, ಎಲ್ಲರೂ ನೋಡಿಬಿಟ್ಟಿದ್ದಾರೆ. ನೆನಪು ಕಳೆದುಕೊಂಡ ಇನ್ಸ್‌ಪೆಕ್ಟರ್, ಹೇಳುವಾಗ ನನಗೇ ಆಕಳಿಕೆ. ಅವಳಿ ಜವಳಿ, ಕ್ಷಮಿಸಿ.

ಏಳನೆಯದರ ಮೇಲೆ ನನಗೆ ಪ್ರೀತಿ ಜಾಸ್ತಿ ಇತ್ತು. ಬದುಕಿರುವ ಮನುಷ್ಯನಿಗೆ ಮರಣ ಪತ್ರ ಮಾಡಿಸಿ, ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಮಾಡಿಸಿ, ಪಹಣಿಯಿಂದ ಅವನ ಹೆಸರು ತೆಗೆಯುತ್ತಾರೆ. ಅವನು ತಾನು ಬದುಕಿದ್ದೇನೆ ಅಂತ ಸಾಬೀತು ಮಾಡಬೇಕು. ನನ್ನ ಕಸುಬಿಗೆ ಹತ್ತಿರದ ಕಥೆ. ಆದರೆ ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿ ಇದನ್ನು ಬದುಕಿಯೇ ತೋರಿಸಿದ್ದಾರೆ. 1975ರಿಂದ 1994ರ ತನಕ ಕಂದಾಯ ದಾಖಲೆಯಲ್ಲಿ ಅವರು ಸತ್ತಿದ್ದರು. ತಮ್ಮಂಥವರನ್ನೇ ಸೇರಿಸಿ ಮೃತಕ ಸಂಘ ಕಟ್ಟಿದರು. ಅವರ ಮೇಲೆ ಹಿಂದಿಯಲ್ಲಿ ಸಿನಿಮಾನೂ ಬಂದಿದೆ. ಹಾಗಾಗಿ ಹೊಸದಲ್ಲ. ಕಾಗದ ಹರಿಯಲಿಲ್ಲ, ಡ್ರಾಯರಿನ ತಳಕ್ಕೆ ಹಾಕಿದೆ.

ಸೆಪ್ಟೆಂಬರ್ 14

ಇದನ್ನು ಸ್ವಲ್ಪ ಉದ್ದ ಬರೆಯಬೇಕು.

ತೀರಾ ಕಾಯಿಲೆಯವರು ಆಫೀಸಿಗೆ ಬರಲಾಗದಿದ್ದರೆ ಅಧಿಕಾರಿಯೇ ಮನೆಗೆ ಹೋಗಿ ಪತ್ರ ನೋಂದಾಯಿಸಲು ನೋಂದಣಿ ಕಾಯ್ದೆಯಲ್ಲಿ ಅವಕಾಶ ಇದೆ. ಕೆಲವು ವರ್ಷದ ಹಿಂದೆ ಅಂಥ ಒಂದು ಮನೆಗೆ ನಾನೂ ಹೋಗಿದ್ದೆ. ಪತ್ರ ಬರೆದವನು ನಾನು. ಕೋಣೆಯಲ್ಲಿ ಫಿನಾಯಿಲ್ ವಾಸನೆ, ಗೋಡೆಗೆ ಒರಗಿಸಿದ ಊರುಗೋಲು. ಮಗ ಆಗಲೇ ಅಪ್ಪನ ಎಡಗೈ ಹೆಬ್ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಿದ್ಧ ಮಾಡಿದ್ದ. ಆ ಬೆರಳು ವರ್ಷಗಟ್ಟಲೆ ಹಸಿ ಅಡಿಕೆ ಸುಲಿದ ಬೆರಳು. ಚೊಗರು ಇಳಿದು ಕಪ್ಪಾಗಿತ್ತು, ಗೆರೆಯೇ ಇರಲಿಲ್ಲ. ಅಧಿಕಾರಿ ಎಲ್ಲರನ್ನೂ ಸ್ವಲ್ಪ ಹಿಂದೆ ಸರಿಸಿ, ಬಗ್ಗಿ, "ಅಜ್ಜ, ಏನು ಬರೆಸಿದ್ದೀರಿ ಗೊತ್ತಾ?" ಅಂತ ಕೇಳಿದರು. ಅಜ್ಜ ತುಂಬ ಹೊತ್ತು ಅವರ ಮುಖ ನೋಡಿದ. ಆಮೇಲೆ ಸೊಸೆ ಕಡೆ ತಿರುಗಿ, "ಇವರಿಗೆ ಕಾಫಿ ಕೊಟ್ರಾ?" ಅಂದ.

ಅಧಿಕಾರಿ ಫೈಲ್ ಮುಚ್ಚಿದರು. "ಆಗಲ್ಲ." ಮಗನ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು.

ಈ ದೃಶ್ಯ ಎಷ್ಟೋ ದಿನದಿಂದ ತಲೆಯಲ್ಲಿತ್ತು. ಅದಕ್ಕೆ ಕಥೆ ಇರಲಿಲ್ಲ. ಮೊನ್ನೆ ಒಬ್ಬರು ಉಯಿಲನ್ನು ಗುಟ್ಟಾಗಿ ಇಡುವುದು ಹೇಗೆ ಅಂತ ಕೇಳಿದರು. ಅದೇ ನೋಂದಣಿ ಕಾಯ್ದೆಯ 42ನೇ ಕಲಂ ತೆಗೆದು ತೋರಿಸಿದೆ. ಉಯಿಲನ್ನು ಲಕೋಟೆಗೆ ಹಾಕಿ, ಮೊಹರು ಮಾಡಿ, ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಇಡಬಹುದು. ಒಳಗೇನಿದೆ ಅಂತ ಅವರೂ ನೋಡುವುದಿಲ್ಲ. ಲಕೋಟೆ ಮೇಲೆ ಬರೆದದ್ದನ್ನು, ಕೊಟ್ಟ ದಿನ, ಗಂಟೆ, ಗುರುತಿಸಿದವರ ಹೆಸರನ್ನು 5ನೇ ಪುಸ್ತಕದಲ್ಲಿ ಬರೆದು, ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅವನು ಸತ್ತ ಮೇಲೆ ಯಾರಾದರೂ ಅರ್ಜಿ ಹಾಕಿ, ಸತ್ತದ್ದು ನಿಜ ಅಂತ ಅಧಿಕಾರಿಗೆ ಖಾತ್ರಿಯಾದರೆ, ಅರ್ಜಿದಾರರ ಎದುರೇ ಒಡೆಯುತ್ತಾರೆ.

ಕಕ್ಷಿದಾರರು ಹೋದ ಮೇಲೆ ಟೇಬಲ್ ಎದುರು ಸುಮ್ಮನೆ ಕೂತೆ. ಆ ಲಕೋಟೆಯಲ್ಲಿ ಆಸ್ತಿ ಬದಲು ಒಂದು ಕೊಲೆ ಇದ್ದರೆ?

ಎಂಟನೆಯ ಐಡಿಯಾದ ಒನ್‌ಲೈನ್ ಅವತ್ತೇ ಬಂತು. ಒಬ್ಬ ಮಂಡಿ ಸಾಹುಕಾರ, 20 ವರ್ಷದ ಹಿಂದಿನ ಕೊಲೆಯನ್ನು, ಜೊತೆಗಿದ್ದ ಇಬ್ಬರ ಹೆಸರು ಸಮೇತ, ಉಯಿಲಿನಲ್ಲಿ ಬರೆದು ಲಕೋಟೆ ಇಟ್ಟಿದ್ದಾನೆ. ಆ ಇಬ್ಬರಿಗೆ ಗೊತ್ತಾಗಿದೆ. ಅವನು ಸತ್ತರೆ ಲಕೋಟೆ ಒಡೆಯುತ್ತದೆ. ಆದ್ದರಿಂದ ಕೊಲೆಗಾರರು ಇನ್ನು ಮುಂದೆ ಅವನನ್ನು ಸಾಯಲು ಬಿಡುವಂತಿಲ್ಲ.

ಟೀ ಅಂಗಡಿಯಲ್ಲಿ ಹೇಳಿದೆ. ಕೇಳಿದವನ ಟೀ ತಣ್ಣಗಾಯಿತು.

ಅಕ್ಟೋಬರ್ 5

ವಕೀಲ ಗೆಳೆಯನಿಗೆ ಹೇಳಿದೆ. ಎರಡೇ ನಿಮಿಷ. "44 ಓದಿದ್ಯಾ? ಇಟ್ಟವನು ಬೇಕಾದಾಗ ವಾಪಸ್ ತಗೋಬಹುದು. ಹೆದರಿಸಿ ತಗೊಳ್ಳೋ ಅಂತಾರೆ. ಕಥೆ ಮುಗೀತು."

ಮೂರು ದಿನ ಮಂಕು ಹಿಡಿದವನ ಹಾಗೆ ಓಡಾಡಿದೆ. ನಾಲ್ಕನೇ ದಿನ ಒಂದು ದಾನಪತ್ರ ಪ್ರಿಂಟ್ ಆಗುತ್ತಿರುವಾಗ ಆ ಕಾಫಿ ಅಜ್ಜ ನೆನಪಾದ. ಮುದುಕನಿಗೆ ಲಕ್ವ ಹೊಡೆಯಲಿ! ಬದುಕಿದ್ದಾನೆ, ಹಾಗಾಗಿ ಲಕೋಟೆ ಒಡೆಯುವಂತಿಲ್ಲ. ಮಾತಿಲ್ಲ, ತಿಳಿವಳಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ವಾಪಸ್ ಪಡೆಯುವಂತೆಯೂ ಇಲ್ಲ. ಆ ಇಬ್ಬರು ಅವನ ಪರವಾಗಿ ತಾವೇ ಲಕೋಟೆ ವಾಪಸ್ ಪಡೆಯಲು ಮುಕ್ತಿಯಾರು ಪತ್ರ ಬರೆಸಿ ಅಧಿಕಾರಿಯನ್ನು ಮನೆಗೆ ಕರೆಸುತ್ತಾರೆ. ಫಿನಾಯಿಲ್, ಒದ್ದೆ ಬಟ್ಟೆ, ಹೆಬ್ಬೆರಳು. ಅಧಿಕಾರಿ ಬಗ್ಗಿ ಕೇಳುತ್ತಾರೆ. ಮುದುಕ ನೋಡುತ್ತಾನೆ. ಅವನಿಗೆ ಎಲ್ಲ ಗೊತ್ತಿದೆ ಅಂತ ಪ್ರೇಕ್ಷಕರಿಗೆ ಮಾತ್ರ ಕಾಣುತ್ತದೆ. ಫೈಲ್ ಮುಚ್ಚುತ್ತದೆ. ಇಂಟರ್‌ವೆಲ್.

ಇಷ್ಟಾದರೂ ಓಡುವವರು ಯಾರೂ ಇರಲಿಲ್ಲ. ಇಬ್ಬರು ಕೆಟ್ಟವರು, ಒಬ್ಬ ಮಲಗಿದವ. ಲಕೋಟೆ ಒಡೆಯಲೇಬೇಕು ಅನ್ನುವವರು ಬೇಕು. ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು ಕಾಣೆಯಾಗಿದ್ದ, ಅವನ ಮಗಳು ಅಂತ ಇಟ್ಟೆ. ಆದರೆ ಮುದುಕ ಸಾಯದೆ ಅವಳೇನು ಮಾಡುತ್ತಾಳೆ? ಕೊಲ್ಲುತ್ತಾಳಾ? ಹಾಗೆ ಬರೆದರೆ ನನಗೇ ಅವಳು ಬೇಡವಾಗುತ್ತಾಳೆ.

ಡ್ರಾಯರಿನ ತಳದಲ್ಲಿ ಏಳನೆಯದು ಬಿದ್ದಿತ್ತಲ್ಲ. ಅವಳು ಮುದುಕನನ್ನು ಕಾಗದದ ಮೇಲೆ ಸಾಯಿಸುತ್ತಾಳೆ. ಸುಳ್ಳು ಮರಣ ಪತ್ರ ಮಾಡಿಸಿ ಲಕೋಟೆ ಒಡೆಸಲು ಅರ್ಜಿ ಹಾಕುತ್ತಾಳೆ. ಕೊಲೆಗಾರರು ಅವನನ್ನು ವ್ಯಾನಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ, ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಓಡುತ್ತಾರೆ, "ಸಾರ್, ಇವನು ಬದುಕಿದ್ದಾನೆ" ಅಂತ ಹೇಳಲಿಕ್ಕೆ. ಮಾತಾಡದವನು, ಹೆಬ್ಬೆರಳಲ್ಲಿ ಗೆರೆ ಇಲ್ಲದವನು, ಅವನೇ ಇವನು ಅಂತ ಹೇಳುವವರು ಯಾರು? 5ನೇ ಪುಸ್ತಕದಲ್ಲಿ ಹೆಸರಿರುವ ಗುರುತಿಸಿದವನು. ಅವನೊಬ್ಬ ಪತ್ರ ಬರಹಗಾರ. (ನಾನಲ್ಲ. ನನಗಿಂತ ಸ್ವಲ್ಪ ಧೈರ್ಯಸ್ಥ.)

ಅವತ್ತು ರಾತ್ರಿ ಎರಡು ಗಂಟೆ ತನಕ ಕೆಟ್ಟುಹೋದ ಪ್ರಿಂಟ್‌ಗಳ ಹಿಂಬದಿಯಲ್ಲಿ ಕಾರ್ಡ್ ಕತ್ತರಿಸಿ ಬರೆದೆ. 31 ಕಾರ್ಡ್.

ಅಕ್ಟೋಬರ್ 19

ವಕೀಲನ ಎರಡನೇ ಗುಂಡು. 46ನೇ ಕಲಂ ಪ್ರಕಾರ ಉಯಿಲನ್ನು ತರಿಸಿಕೊಳ್ಳುವ ಕೋರ್ಟಿನ ಅಧಿಕಾರಕ್ಕೆ ಅಡ್ಡಿ ಇಲ್ಲ. "ಹಂಗಾದ್ರೆ ಹುಡುಗಿ ಯಾಕೆ ಫೋರ್ಜರಿ ಮಾಡ್ತಾಳೆ? ಕೋರ್ಟಿಗೆ ಹೋಗ್ಲಿ."

ಇದಕ್ಕೆ ಉತ್ತರ ಅವನ ಜೊತೆ ಜಗಳ ಆಡುತ್ತಲೇ ಸಿಕ್ಕಿತು. ಕೋರ್ಟಿಗೆ ಹೋದರೆ ಒಳಗೇನಿದೆ ಅಂತ ಯಾಕೆ ನಂಬುತ್ತೀರಿ ಅಂತ ಕೇಳುತ್ತಾರೆ. ಅವಳಿಗೆ ಇರುವುದು ಬರೀ ಅನುಮಾನ. ಅವಳು ವಾರಸುದಾರಳೂ ಅಲ್ಲ. ಒಳಗೇನಿದೆ ಅಂತ ಸರಿಯಾಗಿ ಗೊತ್ತಿರುವುದು ಒಡೆಯಬಾರದು ಅನ್ನುವವರಿಗೆ ಮಾತ್ರ. ಆದರೂ ಒಬ್ಬ ವಕೀಲ ಅವಳಿಗೆ ಇದನ್ನು ಹೇಳುವ ದೃಶ್ಯ ಬೇಕೇ ಬೇಕು. ಇಲ್ಲದಿದ್ದರೆ ಥಿಯೇಟರಿನಲ್ಲಿ ಯಾವನೋ ವಕೀಲ ಎದ್ದು ನಿಲ್ಲುತ್ತಾನೆ.

ನವೆಂಬರ್ 9

ನಿವೃತ್ತ ದಫೇದಾರರ ಪರೀಕ್ಷೆ. ಹೋದ ವರ್ಷ ಇವರಿಗೆ ಕಥೆ ಹೇಳದೆ ಕೆಟ್ಟೆ. ಅದರಲ್ಲಿ ನನ್ನ ಡಾಕ್ಟರು ಹೆಣ ನೋಡಿ "ಸಾವು 10.15ಕ್ಕೆ" ಅಂದಿದ್ದ. ಸಾವಿನ ಹೊತ್ತು ಗಂಟೆಗಳ ಅಂದಾಜು ಮಾತ್ರ, ನಿಮಿಷದ ಲೆಕ್ಕ ಯಾರೂ ಕೊಡಲ್ಲ ಅಂತ ಆಮೇಲೆ ಇವರೇ ಹೇಳಿದ್ದು.

ಈ ಸಲ ಪೂರ್ತಿ ಕೇಳಿ ಕನ್ನಡಕ ಒರೆಸಿದರು. "ಅಲ್ಲ ಮಾರಾಯ, ನಿನ್ನ ಕಥೇಲಿ ಪೊಲೀಸರು ಎಲ್ಲಿ ಬರ್ತಾರೆ? ಹೆಣ ಇಲ್ಲ. ಕಾಣೆಯಾದ ಕೇಸು 20 ವರ್ಷದ ಹಿಂದೆ ಮುಚ್ಚಿದೆ. ಹುಡುಗಿ ಠಾಣೆಗೆ ಬಂದ್ರೆ ಲಕೋಟೆ, ಉಯಿಲು ಅಂತ ಕೇಳಿ, ಸಿವಿಲ್ ಮ್ಯಾಟರ್ ಅಂತ ಕಳಿಸಿಬಿಡ್ತಾರೆ."

"ಸುಳ್ಳು ಮರಣ ಪತ್ರ?"

"ಅದು ಕೇಸ್ ಆಗತ್ತೆ, ಸರಿಯಾಗೇ ಆಗತ್ತೆ. ಆದ್ರೆ ಕಂಪ್ಲೇಂಟ್ ಯಾರು ಕೊಡ್ತಾರೆ? ಸತ್ತವನೇ ಬಂದು ಕೊಡಬೇಕು."

ಇದನ್ನು ಅವರು ಕೊರತೆ ಅಂತ ಹೇಳಿದ್ದು. ನಾನು ಹಾಗೇ ಸಂಭಾಷಣೆಗೆ ಹಾಕಿಕೊಂಡೆ. ಸಿವಿಲ್ ಮ್ಯಾಟರ್ ಅಂತ ಕಳಿಸಿದ ಆ ಪಿಎಸ್‌ಐ ಎರಡನೇ ಅರ್ಧದಲ್ಲಿ ತಾನೇ ವಾಪಸ್ ಬರಬೇಕು. ಯಾಕೆ ಬರುತ್ತಾನೆ ಅಂತ ಇನ್ನೂ ಗೊತ್ತಿಲ್ಲ. ಅವನ ಕಾರ್ಡ್ ಖಾಲಿ ಇದೆ.

ನವೆಂಬರ್ 23

ಕೊಯ್ಲು ಶುರು. ಅತ್ತೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು 38 ಕಾರ್ಡನ್ನೂ ಮೊದಲಿಂದ ಕೊನೆವರೆಗೆ ಹೇಳಿದೆ, ಒಂದೂ ಮುಕ್ಕಾಲು ಗಂಟೆ. ಅವರಿಗೆ ಫೋನ್ ಇಲ್ಲ, ಹಾಗಾಗಿ ನನ್ನ ಲೆಕ್ಕ ಅಲ್ಲಿ ನಡೆಯಲ್ಲ. ಕತ್ತಿ ನಿಂತರೆ ಕಥೆ ಹಿಡಿದಿದೆ ಅಂತ ಅರ್ಥ ಮಾಡಿಕೊಂಡೆ. ಎರಡು ಕಡೆ ನಿಂತಿತು. ಅಧಿಕಾರಿ ಬಗ್ಗಿದಾಗ ಒಂದು ಸಲ, ವ್ಯಾನಿನ ಬಾಗಿಲು ತೆರೆದಾಗ ಒಂದು ಸಲ.

ಮುಗಿದ ಮೇಲೆ ಲಕೋಟೆ ಬಗ್ಗೆ ಏನೂ ಕೇಳಲಿಲ್ಲ, ಕೊಲೆ ಬಗ್ಗೆಯೂ ಕೇಳಲಿಲ್ಲ.

"ಆ ಮುದುಕಂಗೆ ದಿನಾ ಗಂಜಿ ಕುಡಿಸೋರು ಯಾರು?"

38 ಕಾರ್ಡಿನಲ್ಲಿ ಒಂದರಲ್ಲೂ ಅವಳು ಇಲ್ಲ. ಅದೇ ಕೋಣೆಯಲ್ಲಿ ಬೆಳಿಗ್ಗೆ, ಸಂಜೆ ಇರುವವಳು, ಅವನ ಕಣ್ಣು ಓದಲು ಬರುವವಳು, ಆ ಇಬ್ಬರಿಂದ ಸಂಬಳ ತೆಗೆದುಕೊಳ್ಳುವವಳು. ಜೇಬಿನಲ್ಲಿ ಪೆನ್ ಇತ್ತು, ಕಾಗದ ಇರಲಿಲ್ಲ. ಅಡಿಕೆ ಚೀಲದ ಚೀಟಿಯ ಹಿಂದೆ ಬರೆದುಕೊಂಡೆ. ಇವತ್ತು ಮೊದಲಿಂದ ಮತ್ತೆ ಜೋಡಿಸುತ್ತಿದ್ದೇನೆ. ಇಂಟರ್‌ವೆಲ್ ದೃಶ್ಯದಲ್ಲಿ ಒದ್ದೆ ಬಟ್ಟೆ ಈಗ ಅವಳ ಕೈಯಲ್ಲಿದೆ.